ಸ್ಯಾನ್‌ಫರ್ಡ್ ಮಾಸ್

ಯಂತ್ರಕ್ಕೂ ಉಸಿರು ಬೇಕು. ಎತ್ತರಕ್ಕೇರಿದಂತೆ ಗಾಳಿ ತೆಳುವಾಗಿ, ಆಮ್ಲಜನಕ ಸಾಲದೆ ಎಂಜಿನ್ನಿನ ಬಲ ಕುಗ್ಗುತ್ತದೆ. ಈ ಕೊರತೆಯನ್ನು ನೀಗಿಸಲು ದುಡಿದ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಅವರ ಜೀವನ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿದೆ.

ಮಾಸ್ ಅವರು ಜನಿಸಿದ್ದು 1872ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. 1903ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿದರು. ಅವರ ಗ್ಯಾಸ್ ಟರ್ಬೈನು ಇಂಧನವನ್ನು ಮಿತಿಮೀರಿ ನುಂಗುತ್ತಿದ್ದುದರಿಂದ 1907ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಆದರೆ ಆ ವಿದ್ಯೆ ವ್ಯರ್ಥವಾಗಲಿಲ್ಲ.

ಎಂಜಿನ್ ಹೊರಬಿಡುವ ಬಿಸಿ ಹೊಗೆಯಿಂದ ಚಕ್ರವೊಂದನ್ನು ತಿರುಗಿಸಿ, ಅದರ ಬಲದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೇ ತುಂಬುವುದು ಟರ್ಬೋ. ಈ ಯುಕ್ತಿಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಅದು ಬೇಕಾದಾಗ ಮಾಸ್ ಮುಂದೆ ಬಂದರು. 1918ರಲ್ಲಿ ಲಿಬರ್ಟಿ ಎಂಜಿನ್ನೊಂದನ್ನು ಲಾರಿಯ ಮೇಲೇರಿಸಿ, ಕೊಲರಾಡೋದಲ್ಲಿ 14,000 ಅಡಿಗೂ ಮೀರಿದ ಪೈಕ್ಸ್ ಪೀಕ್ ಶಿಖರಕ್ಕೆ ಒಯ್ದರು. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿಯಿದ್ದ ಎಂಜಿನ್ ಅಲ್ಲಿ 230 ಮಾತ್ರ ಕೊಟ್ಟಿತು; ಟರ್ಬೋ ಕೂಡಿದಾಗ 356!

ಈ ಯುಕ್ತಿಯನ್ನು 1938ರಲ್ಲಿ ಸ್ವಿಟ್ಜರ್ಲೆಂಡಿನ ಸೌರರ್ ಕಂಪನಿ ಡೀಸೆಲ್ ಲಾರಿಗೂ ಅಳವಡಿಸಿತು. ಇಂದು ಭಾರವನ್ನೆಳೆದು ಬೆಟ್ಟವೇರುವವರು ದೊಡ್ಡ ಟರ್ಬೋ ಹಾಕಿದರೆ ಸಾಕೆಂದು ಭ್ರಮಿಸುವುದುಂಟು. ಅತಿ ದೊಡ್ಡದು ನಿಧಾನವಾದ ಏರಿನಲ್ಲಿ ಬೇಗ ವೇಗ ಹಿಡಿಯದು. ಅತಿ ಚಿಕ್ಕದು ತೆಳುಗಾಳಿಯಲ್ಲಿ ಮಿತಿಮೀರಿ ತಿರುಗಿ ಕೆಡುವುದು. ಹೊರೆಗೂ ಎತ್ತರಕ್ಕೂ ತಕ್ಕುದನ್ನೇ ಆರಿಸಬೇಕು.

1946ರಲ್ಲಿ ಮಾಸ್ ತೀರಿಕೊಂಡರು. ಲೆಕ್ಕ ಹಾಕಿ ಸುಮ್ಮನಿರದೆ, ಯಂತ್ರ ದುಡಿಯಬೇಕಾದ ಎತ್ತರಕ್ಕೇ ಅದನ್ನು ಹೊತ್ತೊಯ್ದು ಪರೀಕ್ಷಿಸಿದುದೇ ಅವರಿಂದ ನಾವು ಕಲಿಯತಕ್ಕ ಪಾಠವೆಂದು ನಾನು ನಂಬುತ್ತೇನೆ.