ಕಿಟೆಲ್ ಅಯ್ಯನವರೂ ಮಗ್ಗದ ಮಾತುಗಳೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿರುವ ನಮ್ಮ ಪ್ರಿಯ ವಾಚಕರಿಗೆ ಕಂಬಳಿಯೆಂಬುದು ಹೊಸ ವಸ್ತುವಲ್ಲ. ಅದು ಮಳೆಯಲ್ಲಿ ಕೊಪ್ಪೆಯಾಗಿ ತಲೆಯನ್ನು ಕಾಯುತ್ತದೆ, ಚಳಿಯಲ್ಲಿ ಹೊದಿಕೆಯಾಗುತ್ತದೆ. 1864ನೆಯ ಇಸವಿಯ ವರೆಗೆ ಹುಣಸೂರಿನಲ್ಲಿ ಸರಕಾರದವರ ಚರ್ಮದ ಕಾರ್ಖಾನೆಯೂ ಕಂಬಳಿಯ ಕಾರ್ಖಾನೆಯೂ ಇದ್ದವು. ಅವು ನಿಂತುಹೋದ ಮೇಲೆಯೂ ಆ ಕಸಬುಗಳು ಊರಿನವರ ಕೈಯಲ್ಲಿ ಬಹುಕಾಲ ಉಳಿದವು. ಆದರೆ ಕಸಬಿನ ಸಂಗಡ ಬೆಳೆದ ಮಾತುಗಳ ಗತಿಯೇನು? ಅವುಗಳನ್ನು ಕಾಯುವವರು ಯಾರು? ಇಂಥ ಮಾತುಗಳಿಗಾಗಿ ತನ್ನ ಆಯುಷ್ಯವನ್ನು ವ್ಯಯಮಾಡಿದ ಒಬ್ಬ ಪರದೇಶಿಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಫರ್ಡಿನಾಂಡ್ ಕಿಟೆಲ್ ಅಯ್ಯನವರು 1832ನೆಯ ಇಸವಿ ಏಪ್ರಿಲ್ 7ರಲ್ಲಿ ಜರ್ಮನಿಯ ಉತ್ತರ ಸಮುದ್ರತೀರದ ರೆಸ್ಟರ್‌ಹಾಫೆ ಎಂಬ ಗ್ರಾಮದಲ್ಲಿ ಹುಟ್ಟಿದರು. ಅವರ ತಂದೆಯು ಸಭಾಪಾಲಕನಾಗಿದ್ದನು. 1850ರಲ್ಲಿ ಅವರು ಬಾಸೆಲ್ ನಗರದ ಮಿಶನ್ ಶಾಲೆಗೆ ಸೇರಿ, ಮೂರು ವರುಷಗಳ ತರುವಾಯ, ಅಂದರೆ 1853ರಲ್ಲಿ, ಮಂಗಳೂರಿಗೆ ಬಂದಿಳಿದರು. ಕನ್ನಡಿಗರ ಮಧ್ಯದಲ್ಲಿ ಕನ್ನಡಿಗನಾಗಿಯೇ ಇರಬೇಕೆಂಬುದು ಆ ಯೌವನಸ್ಥರ ಆಶೆ. ಆದದರಿಂದ ಹಳ್ಳಿಹಳ್ಳಿಗೆ ನಡೆದುಹೋಗುತ್ತಾ ಜನರ ನುಡಿಯನ್ನು ಅವರ ಬಾಯಿಂದಲೇ ಕಲಿಯತೊಡಗಿದರು. ಈ ನಡತೆಯು ಸಂಗಡಿಗರಲ್ಲಿ ಕೆಲವರಿಗೆ ಸರಿಬೀಳಲಿಲ್ಲ. ಆದಾಗ್ಯೂ ಅವರು ತಮ್ಮ ಅಭ್ಯಾಸವನ್ನು ಬಿಡಲಿಲ್ಲ. ಧಾರವಾಡ, ಹುಬ್ಬಳ್ಳಿ, ಮಂಗಳೂರು ಇವಲ್ಲದೆ, ನಮ್ಮ ಹುಣಸೂರು ಪಿರಿಯಾಪಟ್ಟಣಗಳ ದಾರಿಯು ಹತ್ತಿಹೋಗುವ ಮಡಿಕೇರಿಯಲ್ಲಿಯೂ ಅವರು ಕೆಲಸಮಾಡಿದರು.

ಅದೇ ಕಾಲದಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ನೇಯ್ಗೆಯ ಕಾರ್ಖಾನೆಯನ್ನು ನಡಿಸುತ್ತಿದ್ದರು. ಹೊಸದಾಗಿ ಸಭೆಗೆ ಸೇರಿದವರು ತಮ್ಮ ಜಾತಿಯನ್ನೂ ಅದರ ಸಂಗಡ ಜೀವನೋಪಾಯವನ್ನೂ ಕಳಕೊಳ್ಳುತ್ತಿದ್ದದರಿಂದ ಅವರಿಗೆ ಒಂದು ಕಸಬು ಬೇಕಾಗಿತ್ತು. 1851ರಲ್ಲಿ ಹಾಲರ್ ಎಂಬವರು ಅಲ್ಲಿಗೆ ಐರೋಪ್ಯ ರೀತಿಯ ಮಗ್ಗಗಳನ್ನೂ ಬಣ್ಣಹಾಕುವ ಕೆಲಸವನ್ನೂ ತಂದರು. ಅಲ್ಲಿಯ ಖಾಕಿ ಬಟ್ಟೆಯು ಹೆಸರಾಯಿತು. ಹೀಗೆ ಒಂದು ಕಡೆಯಲ್ಲಿ ಹೊಸ ಮಗ್ಗಗಳು ಬರುತ್ತಿರಲು, ಮತ್ತೊಂದು ಕಡೆಯಲ್ಲಿ ಕಿಟೆಲರು ಕನ್ನಡದ ಹಳೆಯ ಮಾತುಗಳನ್ನು ಕೂಡಿಸುತ್ತಿದ್ದರು.

ಕನ್ನಡಕ್ಕೆ ಅದಕ್ಕೆ ಮುಂಚೆ ನಿಘಂಟು ಇಲ್ಲದೆ ಇರಲಿಲ್ಲ. ರೀವ್ ಅಯ್ಯನವರದು 1832ರಲ್ಲಿಯೇ ಅಚ್ಚಾಗಿತ್ತು. ಆದರೆ ಕಿಟೆಲರು ಹಳೆಯ ಕಾವ್ಯಗಳನ್ನೂ ಗಾದೆಗಳನ್ನೂ ಜನರ ಆಡುಮಾತನ್ನೂ ಶೋಧಿಸಿ, ಪ್ರತಿ ಶಬ್ದದ ಬೇರನ್ನು ಕಾಣಿಸಬೇಕೆಂದಿದ್ದರು. ಇದರ ಪ್ರಯೋಜನವನ್ನು ನೇಯ್ಗೆಯ ಮಾತುಗಳಿಂದಲೇ ತಿಳಿಯಬಹುದು. ಮಗ್ಗದಲ್ಲಿ ಉದ್ದಕ್ಕೆ ಹರಡಿದ ನೂಲಿಗೆ ಹಾಸು ಎನ್ನುತ್ತೇವೆ. ಚಾಪೆಯನ್ನು ಹಾಸುವ ಮಾತೂ ಇದೇ. ಲಾಳಿಯು ಅಡ್ಡಲಾಗಿ ಒಳಹೊಗಿಸುವ ನೂಲಿಗೆ ಹೊಕ್ಕು ಎನ್ನುತ್ತೇವೆ; ಅದರ ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ಬಟ್ಟೆಯೆಂದರೆ ಉಡುವ ವಸ್ತ್ರವೂ ಹೌದು, ಹಳಗನ್ನಡದಲ್ಲಿ ನಡೆಯುವ ದಾರಿಯೂ ಹೌದು. ಜೇಡನೆಂದರೆ ಬಲೆ ಕಟ್ಟುವ ಹುಳವೂ ಹೌದು, ಬಟ್ಟೆ ನೇಯುವ ಮನುಷ್ಯನೂ ಹೌದು. ನೂಲು ಎಂಬ ಮಾತು ತಮಿಳು, ಮಲೆಯಾಳ, ತೆಲುಗು, ತುಳು ಭಾಷೆಗಳಲ್ಲಿಯೂ ಇದೆ. ಆದದರಿಂದ ಈ ಜನರ ಹಿರಿಯರು ಒಂದೇ ನುಡಿಯವರಾಗಿದ್ದ ಕಾಲದಲ್ಲಿಯೇ ನೂಲುವದನ್ನು ಬಲ್ಲವರಾಗಿದ್ದರೆಂದು ಊಹಿಸಬಹುದು. ಕಂಬಳಿಯೆಂಬುದು ಸಂಸ್ಕೃತದ ಕಂಬಲದಿಂದಲೂ, ರುಮಾಲು ಎಂಬುದು ಪಾರಸೀಯಿಂದಲೂ ಬಂದವು. ಕದಿರು, ಹಂಜಿ, ಅರಳೆ ಎಂಬ ಚಿಕ್ಕ ಮಾತುಗಳು ಮಾತ್ರ ಹಟ್ಟಿಯ ಜಗಲಿಯಲ್ಲಿ ಕೂತು ನೂಲುತ್ತಿದ್ದ ಮುದುಕಿಯರ ಬಾಯಲ್ಲಿ ಬಾಳಿದವು. ಉಣ್ಣೆಯ ಹಾಸಿಗೆ ಹುಣಸೇಬೀಜದ ಗಂಜಿಯನ್ನು ಹಚ್ಚುವ ಕುರುಬನು ಓದುಬರಹ ಬಾರದವನಾಗಿದ್ದರೂ, ಇಂಥ ಮಾತುಗಳಲ್ಲಿ ಪಂಡಿತನಿಗಿಂತ ಬಲ್ಲವನು.

ಈ ಕೆಲಸವು ಸುಲಭವಾಗಿ ನೆರವೇರಲಿಲ್ಲ. ಅವರ ಮೊದಲನೆಯ ಪತ್ನಿಯು ಸಣ್ಣ ವಯಸ್ಸಿನಲ್ಲಿಯೇ ತೀರಿಹೋದಳು. ತರುವಾಯ ಅವರು ಆಕೆಯ ತಂಗಿಯನ್ನು ಮದುವೆಯಾದರು. 1872ರಲ್ಲಿ ಕೇಶಿರಾಜನ ವ್ಯಾಕರಣವಾದ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಅಚ್ಚುಮಾಡಿಸಿ, 1877ರಲ್ಲಿ ಸ್ವದೇಶಕ್ಕೆ ತಿರಿಗಿಹೋದರು. ಆದರೆ ನಿಘಂಟಿನ ಸಂದೇಹಗಳು ಅಲ್ಲಿ ಕೂತು ತೀರುವವುಗಳಾಗಿರಲಿಲ್ಲ. ಆದದರಿಂದ 1883ರಲ್ಲಿ, ಐವತ್ತು ದಾಟಿದ ಪ್ರಾಯದಲ್ಲಿ, ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಪುನಃ ಈ ದೇಶಕ್ಕೆ ಬಂದರು. ಕಣ್ಣುಗಳು ಮಂಕಾಗುತ್ತಾ ಬಂದರೂ ಅವರು ಕೈಬಿಡಲಿಲ್ಲ. ದೇಶಸ್ಥ ಪಂಡಿತರ ಸಹಾಯವಿಲ್ಲದೆ ಈ ಕಾರ್ಯವು ಆಗುತ್ತಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

1894ರಲ್ಲಿ ಮಂಗಳೂರಿನ ಮಿಶನ್ ಅಚ್ಚುಕೂಟದಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಅದರಲ್ಲಿ ಸುಮಾರು 70,000 ಶಬ್ದಗಳೂ 1,700ಕ್ಕೆ ಮಿಕ್ಕಿದ ಪುಟಗಳೂ ಇವೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿದರು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನಿನಲ್ಲಿಯೇ ಅವರು ತೀರಿಕೊಂಡರು. ಅವರ ನಿಘಂಟನ್ನು ಮದ್ರಾಸು ವಿಶ್ವವಿದ್ಯಾಲಯದವರು ಮರಿಯಪ್ಪ ಭಟ್ಟರಿಂದ ತಿದ್ದಿಸಿ, 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಪುನಃ ಅಚ್ಚುಹಾಕಿಸಿದರು.

ಪ್ರಿಯ ವಾಚಕರೇ, ದೂರ ದೇಶದವನೊಬ್ಬನು ನಮ್ಮ ಹಾಸುಹೊಕ್ಕಿನ ಮಾತುಗಳಿಗೆ ಇಷ್ಟು ಬೆಲೆ ಕೊಟ್ಟಿರುವಲ್ಲಿ, ಅವುಗಳಲ್ಲಿಯೇ ಹುಟ್ಟಿ ಬೆಳೆದ ನಾವು ಅವುಗಳನ್ನು ಒರಟು ಮಾತುಗಳೆಂದು ನಾಚಿ ಬಿಡುವದು ಯುಕ್ತವೋ? ಅಂಗಡಿಯ ಬಟ್ಟೆ ಬಂದ ಮೇಲೆ ಅನೇಕ ಮನೆಗಳಲ್ಲಿ ಮಗ್ಗದ ಗುಂಡಿಯು ಮುಚ್ಚಿಹೋಗಿದೆ. ಕಂಬಳಿ ನೇದ ಅಜ್ಜನೋ ನೂಲು ತೆಗೆದ ಅಜ್ಜಿಯೋ ನಿಮ್ಮ ಹಟ್ಟಿಯಲ್ಲಿ ಇನ್ನೂ ಇದ್ದರೆ, ಅವರ ಬಳಿಯಲ್ಲಿ ಕೂತು ಪ್ರತಿಯೊಂದು ಉಪಕರಣದ ಹೆಸರನ್ನು ಕೇಳಿ, ಶಾಲೆಗೆ ಹೋಗುವ ಮಕ್ಕಳ ಕೈಯಿಂದ ಬರೆಯಿಸಿಡಿರಿ. ಅಷ್ಟು ದೊಡ್ಡ ನಿಘಂಟೂ ಹೀಗೆ ಕೇಳಿ ಬರಕೊಂಡ ಒಂದೊಂದು ಮಾತಿನಿಂದಲೇ ಬೆಳೆಯಿತು.