ಗೌತಮ ಗಣಧರರ ಕೊನೆಯ ಬಂಧನ

ಮಗಧ ದೇಶದ ಗೊಬ್ಬರ ಗ್ರಾಮದ ವಸುಭೂತಿ ಹಾಗೂ ಪೃಥ್ವೀದೇವಿಯರ ಹಿರಿಯ ಮಗ ಇಂದ್ರಭೂತಿ. ಗೌತಮ ಗೋತ್ರದ ಈ ಬ್ರಾಹ್ಮಣ ವಿದ್ವಾಂಸರಿಗೆ 500 ಮಂದಿ ಶಿಷ್ಯರಿದ್ದರು. ಮಹಾವೀರ ಸ್ವಾಮಿಗಳನ್ನು ವಾದದಲ್ಲಿ ಗೆಲ್ಲಬೇಕೆಂದು ಹೋದವರು ಶಿಷ್ಯಸಮೇತರಾಗಿ ದೀಕ್ಷೆ ಪಡೆದು ಪ್ರಥಮ ಗಣಧರರಾದರು. ಮಾನಸ್ತಂಭವನ್ನು ಕಂಡೊಡನೆ ಅವರ ಮಾನ ಕರಗಿತೆಂದು ನಮ್ಮ ದಿಗಂಬರ ಪುರಾಣಗಳು ಹೇಳುತ್ತವೆ. ಆತ್ಮದ ಇರವಿನ ಬಗ್ಗೆ ಅವರು ಯಾರಲ್ಲಿಯೂ ಹೇಳದ ಸಂದೇಹವನ್ನು ಸ್ವಾಮಿಗಳೇ ಎತ್ತಿ ಪರಿಹರಿಸಿದರೆಂಬುದು ಶ್ವೇತಾಂಬರ ಪರಂಪರೆ. ಆಗ ಅವರ ವಯಸ್ಸು 50. ಗುರುವಿಗಿಂತ ಶಿಷ್ಯರೇ ಸುಮಾರು ಎಂಟು ವರ್ಷ ಹಿರಿಯರು!

ಅಂದಿನಿಂದ 30 ವರ್ಷ ಗೌತಮರು ಸ್ವಾಮಿಗಳ ನೆರಳಾಗಿ ನಡೆದರು. ಮುಂದಿನ ಕಥೆಯನ್ನು ಶ್ವೇತಾಂಬರ ಗ್ರಂಥಗಳು ವಿಸ್ತಾರವಾಗಿ ಹೇಳುತ್ತವೆ. ಅಷ್ಟಾಪದ ಪರ್ವತದಲ್ಲಿ 1500 ತಾಪಸರು ಗೌತಮರಿಗೆ ಶಿಷ್ಯರಾದರು. ಒಂದೇ ಪಾತ್ರೆಯ ಪಾಯಸವನ್ನು ಗೌತಮರು ತಮ್ಮ ಲಬ್ಧಿಯಿಂದ ಅಷ್ಟೂ ಮಂದಿಗೆ ಬಡಿಸಿದರು. ಉಣ್ಣುತ್ತಿರುವಾಗಲೇ ಕೆಲವರಿಗೆ, ಸಮವಸರಣವನ್ನು ದೂರದಿಂದ ಕಂಡಾಗ ಕೆಲವರಿಗೆ, ಉಳಿದವರಿಗೆ ಸ್ವಾಮಿಗಳ ಸನ್ನಿಧಿಯಲ್ಲಿ ಕೇವಲಜ್ಞಾನವಾಯಿತು. ಇದನ್ನರಿಯದ ಗೌತಮರು, ಬಂದು ಸ್ವಾಮಿಗಳಿಗೆ ವಂದಿಸಿರೆಂದು ಅವರಿಗೆ ಹೇಳಿದರು. ಕೇವಲಿಗಳಿಗೆ ಹೀಗೆ ಆಜ್ಞಾಪಿಸಬಾರದೆಂದು ಸ್ವಾಮಿಗಳು ತಡೆದಾಗ ಗೌತಮರ ಮುಖ ಬಾಡಿತು. ನಿನ್ನೆ ಮೊನ್ನೆ ಬಂದವರು ದಾಟಿಹೋದರು, ತಾವೊಬ್ಬರೇ ಈ ದಡದಲ್ಲಿ!

ಕಾರಣವನ್ನು ಸ್ವಾಮಿಗಳು ಮರೆಮಾಚಲಿಲ್ಲ. ತಮ್ಮ ಮೇಲಿನ ಸ್ನೇಹವೇ ಗೌತಮರಿಗೆ ತಡೆ. ಅದು ಒಂದು ಜನ್ಮದ್ದೂ ಅಲ್ಲ. ಹಿಂದೆ ಸ್ವಾಮಿಗಳ ಜೀವ ತ್ರಿಪೃಷ್ಠ ವಾಸುದೇವನಾಗಿದ್ದಾಗ ಗೌತಮರ ಜೀವ ಅವನ ಸಾರಥಿಯಾಗಿತ್ತು. ಈ ದೇಹ ಬಿಟ್ಟ ಬಳಿಕ ಇಬ್ಬರೂ ಸಮಾನರಾಗುವರೆಂದು ಸ್ವಾಮಿಗಳು ಸಂತೈಸಿದರು.

ಗೌತಮರದು ಧನದ ಆಸೆಯಲ್ಲ, ದೇಹದ ಮೋಹವೂ ಅಲ್ಲ. ಶಾಸ್ತ್ರಕಾರರು ಇಂಥದನ್ನು ಪ್ರಶಸ್ತ ರಾಗವೆನ್ನುತ್ತಾರೆ. ಅಪಾಯವಿದ್ದುದೂ ಅಲ್ಲಿಯೇ ಎಂದು ನನಗನ್ನಿಸುತ್ತದೆ. ದ್ವೇಷವನ್ನು ಬಿಡಬೇಕೆಂದು ಯಾರಿಗಾದರೂ ಹೊಳೆದೀತು. ಗುರುವಿನ ಮೇಲಿನ ಪ್ರೀತಿಯನ್ನು ಬಿಡಬೇಕೆಂದು ಹೊಳೆಯುವುದು ಯಾರಿಗೆ?

ಕ್ರಿ.ಪೂ. 527ರ ದೀಪಾವಳಿ ಅಮಾವಾಸ್ಯೆ. ಪಾವಾಪುರಿಯಲ್ಲಿ ನಿರ್ವಾಣ ಸಮೀಪಿಸಿದಾಗ ಸ್ವಾಮಿಗಳು ಗೌತಮರನ್ನು ದೇವಶರ್ಮನೆಂಬ ಬ್ರಾಹ್ಮಣನಿಗೆ ಧರ್ಮ ಬೋಧಿಸಲು ಹತ್ತಿರದ ಊರಿಗೆ ಕಳುಹಿದರು. ಹಿಂದಿರುಗುವಾಗ ಸುದ್ದಿ ತಿಳಿಯಿತು. ಚತುರ್ಜ್ಞಾನಧಾರಿ ಗಣಧರರು ಮಗುವಿನಂತೆ ಅತ್ತರು. ಕೊನೆಗಾಲದಲ್ಲಿ ತಮ್ಮನ್ನು ದೂರವಿರಿಸಿದರೆಂದು ಗುರುವನ್ನೇ ದೂರಿದರು. ದೂರುತ್ತಿರುವಾಗಲೇ ಆ ಕ್ರಮದ ಅರ್ಥ ಹೊಳೆಯಿತು: ವೀತರಾಗರಿಗೆ ರಾಗವೆಲ್ಲಿಯದು? ಹಿಡಿದುಕೊಂಡಿದ್ದವರು ತಾವೊಬ್ಬರೇ. ಆ ಹಿಡಿತ ಸಡಿಲಿತು. ಅವರಿಗೆ ಕೇವಲಜ್ಞಾನ ಉದಿಸಿತು. ದೀಪಾವಳಿಯಂದು ಮುಂಜಾನೆ ಮಹಾವೀರ ನಿರ್ವಾಣದ ಪೂಜೆ ಮಾಡುವ ನಾವು ಸಂಜೆ ದೀಪ ಹಚ್ಚಿ ಸ್ಮರಿಸುವುದು ಗೌತಮರ ಈ ಜ್ಞಾನವನ್ನೇ.

ಮುಂದೆ 12 ವರ್ಷ ಕೇವಲಿಯಾಗಿ ವಿಹರಿಸಿ, 92ನೆಯ ವಯಸ್ಸಿನಲ್ಲಿ ಅವರು ರಾಜಗೃಹದಲ್ಲಿ ಮುಕ್ತರಾದರು.