ಶ್ರೀ ಸವಾಯಿ ಗಂಧರ್ವರು: ಬಿಗಿಯಲ್ಲಿ ಬೆಳೆದ ಬಾಳು

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮ್ಮ ಮನೆ. ಅಲ್ಲಿಂದ ಕಾಲೇಜಿಗೆ ಹೊರಟರೆ ದಿನಾಲು ಸವಾಯಿ ಗಂಧರ್ವ ಸಭಾಭವನದ ಮುಂದೆ ಹಾಯ್ದು ಹೋಗಬೇಕು. ಅಕ್ಷರ ಕಲಿತ ದಿನದಿಂದ ಆ ಹೆಸರನ್ನು ಓದುತ್ತ ಬಂದವನು ನಾನು. ಆದರೆ ಆ ಹೆಸರಿನ ಮನುಷ್ಯರಾರು, ಅವರ ಬಾಳು ಎಂತಹದು ಎಂದು ವಿಚಾರಿಸುವ ಬುದ್ಧಿ ನನಗೆ ಬಂದದ್ದು, ಪಿ.ಯು.ಸಿ. ವಿಜ್ಞಾನದಲ್ಲಿ ನಾನು ನಪಾಸಾದ ವರ್ಷ.

ನಮ್ಮ ಅಪ್ಪ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ಅವರ ಶಿಸ್ತು ಓಣಿಗೆಲ್ಲ ಗೊತ್ತು. ನಸುಕಿನ ಐದು ಗಂಟೆಗೆ ನಾನು ಪುಸ್ತಕದ ಮುಂದೆ ಕೂಡಬೇಕು. ದೀಪ ಹಚ್ಚುವ ಹೊತ್ತಿಗೆ ಮನೆಯೊಳಗಿರಬೇಕು. ಕಡಿಮೆ ಬಿದ್ದ ಪ್ರತಿಯೊಂದು ಅಂಕಕ್ಕೂ ಕಾರಣ ಹೇಳಬೇಕು. ವಿಜ್ಞಾನವನ್ನೇ ಓದತಕ್ಕದ್ದೆಂದು ಅವರು ನಿಶ್ಚಯಿಸಿದರು. ನಾನು ಓದಿದೆ, ಬಿದ್ದೆ. ಆ ಮೇಲೆ ನಮ್ಮಿಬ್ಬರ ನಡುವೆ ಮಾತೇ ನಿಂತುಹೋಯಿತು. ಅವ್ವ ಅಲ್ಲಿಯ ಮಾತನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಮುಟ್ಟಿಸುತ್ತಿದ್ದಳು. ಹಿರಿಯರ ಬಿಗಿಯಿಂದ ಮಕ್ಕಳು ಮುಂದೆ ಬರುತ್ತಾರೆಯೋ, ಮುರಿದು ಬೀಳುತ್ತಾರೆಯೋ ಎಂಬ ಪ್ರಶ್ನೆ ಹಗಲಿರುಳೂ ನನ್ನ ತಲೆಯನ್ನು ಕೊರೆಯುತ್ತಿತ್ತು. ಅಂತಹ ದಿನಗಳಲ್ಲಿ ಈ ಮಹನೀಯರ ಚರಿತ್ರೆ ನನ್ನ ಗಮನಕ್ಕೆ ಬಂದಿತು. ವಾಚಕ ಮಿತ್ರರಲ್ಲಿಯೂ ಇದೇ ಪ್ರಶ್ನೆಯನ್ನು ಹೊತ್ತವರು ಕೆಲವರಾದರೂ ಇದ್ದಾರೆಂಬ ನಂಬಿಗೆಯಿಂದ ಅದನ್ನಿಲ್ಲಿ ನಿವೇದಿಸುತ್ತೇನೆ.

ಸವಾಯಿ ಗಂಧರ್ವರ ನಿಜವಾದ ಹೆಸರು ರಾಮಚಂದ್ರ ಗಣೇಶ ಸೌಂಶಿ. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳದಲ್ಲಿ 1886ರ ಜನೇವರಿ 19ರಂದು ಅವರ ಜನನವಾಯಿತು. ಜನರ ಬಾಯಲ್ಲಿ ಅವರು ರಾಮಭಾವು ಕುಂದಗೋಳಕರ ಆದರು. ತಂದೆ ಗಣೇಶರಾಯರು ಕುಂದಗೋಳದ ಜಮೀನದಾರರಾದ ನಾಡಿಗೇರರಲ್ಲಿ ಕಾರಕೂನರು. ಆಗಿನ ಕಾಲಕ್ಕೆ ನಾಲ್ಕು ಅಕ್ಷರ ಇಂಗ್ಲಿಷು ಬಂದರೆ ಸರಕಾರಿ ನೌಕರಿ, ನೌಕರಿ ಬಂದರೆ ಮನೆತನಕ್ಕೆ ನೆಲೆ. ಕಾರಕೂನರಾದ ತಂದೆ ತಮ್ಮ ಮಗನಿಗೆ ಇದಕ್ಕಿಂತ ಬೇರೆಯದನ್ನು ಬಯಸುವುದಾದರೂ ಹೇಗೆ? ಊರಿನ ಶಾಲೆ ಮುಗಿದೊಡನೆ ಹುಡುಗನನ್ನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಹಾಕಿದರು. ಹುಡುಗ ರೈಲು ಹತ್ತಿ ಶಾಲೆಗೆ ಹೋಗಿ ಬರತೊಡಗಿದನು.

ಅವನಿಗೆ ಬುದ್ಧಿ ಕಡಿಮೆಯಿರಲಿಲ್ಲ. ಪದ್ಯಗಳು ಸಲೀಸಾಗಿ ಬಾಯಿಗೆ ಬರುತ್ತಿದ್ದವು. ಆದರೆ ಎಲ್ಲಿ ಹಾಡು ಕೇಳಿಸೀತೋ ಅಲ್ಲಿಗೆ ಕಾಲು ಎಳೆಯುತ್ತಿತ್ತು. ಶಾಲೆ ತಪ್ಪತೊಡಗಿತು, ಓದು ಕುಂಟಿತು, ನೌಕರಿಯ ಆಸೆಯೂ ಅಲ್ಲಿಗೇ ನಿಂತಿತು. ಈ ಘಟ್ಟದಲ್ಲಿ ಗಣೇಶರಾಯರು ಮಾಡಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ತೋರುತ್ತದೆ. ಅವರು ಮಗನನ್ನು ಅದೇ ಶಾಲೆಗೆ ಮತ್ತೆ ಎಳೆದೊಯ್ಯಲಿಲ್ಲ. ನಿನ್ನ ಹಾದಿ ನಿನಗೆ ಎಂದು ಕೈಬಿಡಲೂ ಇಲ್ಲ. ಕುಂದಗೋಳದಲ್ಲಿಯೇ ಇದ್ದ ಬಲವಂತರಾವ ಕೊಲ್ಹಟಕರರ ಹತ್ತಿರ ಸಂಗೀತಕ್ಕೆ ಕೂಡಿಸಿದರು. ಧ್ರುಪದ, ತರಾನಾ, ತಾಳಗಳ ಪಾಠ ಕ್ರಮವಾಗಿ ನಡೆಯಿತು. ಅಂದರೆ ಶಿಸ್ತು ತಪ್ಪಲಿಲ್ಲ, ಶಿಸ್ತಿನ ದಿಕ್ಕು ಬದಲಾಯಿತು. ಕೊಲ್ಹಟಕರರು ತೀರಿಕೊಂಡಾಗ ಹುಡುಗನ ಕಲಿಕೆ ಅರ್ಧಕ್ಕೆ ನಿಂತಿತು.

ಅದೇ ಕಾಲಕ್ಕೆ ಕಿರಾನಾ ಮನೆತನದ ಉಸ್ತಾದ ಅಬ್ದುಲ್ ಕರೀಮ್ ಖಾನರು ಈ ಭಾಗಕ್ಕೆ ಬಂದು ಹೋಗಿ ಮಾಡುತ್ತಿದ್ದರು. ಅವರ ಗಾಯನ ಕೇಳಿದ ಹುಡುಗನಿಗೆ ಬೇರಾವ ಗುರುವೂ ಬೇಡವಾಯಿತು. ಖಾನರು ಒಪ್ಪಿದರು, ಆದರೆ ಎಂಟು ವರ್ಷ ತಮ್ಮಲ್ಲಿಯೇ ಇರಬೇಕೆಂಬ ಕರಾರು ಹಾಕಿದರೆಂದು ಪ್ರಸಿದ್ಧಿ. ಇನ್ನೂ ಮೀಸೆ ಮೂಡದ ಮಗನನ್ನು ಎಂಟು ವರ್ಷಗಳ ಕಾಲ ಬೇರೊಬ್ಬರ ಮನೆಗೆ ಒಪ್ಪಿಸುವುದು ಹೆತ್ತವರಿಗೆ ಸುಲಭವಾಗಿತ್ತೆಂದು ಯಾರೂ ಹೇಳಲಾರರು.

ಗುರುಗೃಹವೆಂದರೆ ಆಗ ಇನ್ನೊಂದು ತಂದೆಯ ಮನೆಯೇ. ಏಳುವುದು, ಉಣ್ಣುವುದು, ಹಾಡುವುದು, ಸುಮ್ಮನಿರುವುದು ಎಲ್ಲವೂ ಗುರುವಿನ ಇಚ್ಛೆಯಂತೆ. ಅದರ ಮೇಲೆ ರಾಮಭಾವು ಅವರ ಕಂಠ ಹುಟ್ಟಿನಿಂದ ಮೆದುವಾದುದಲ್ಲ. ಮುಂದೆ ದೊಡ್ಡ ಗಾಯಕರಾದ ಮೇಲೂ ಕಛೇರಿಯ ಮೊದಲಿಗೆ ಅವರ ಧ್ವನಿ ಹದಕ್ಕೆ ಬರಲು ಸಾಕಷ್ಟು ಹೊತ್ತು ಹಿಡಿಯುತ್ತಿತ್ತೆಂದೂ, ಒಮ್ಮೆ ಹದಕ್ಕೆ ಬಂದಿತೆಂದರೆ ಕೇಳುವವರು ಎದ್ದುಹೋಗುವುದು ಸಾಧ್ಯವಿರಲಿಲ್ಲವೆಂದೂ ಬಲ್ಲವರು ಹೇಳುತ್ತಾರೆ. ಒಗ್ಗದ ಕಂಠವನ್ನು ಒಗ್ಗಿಸಿದ್ದು ವರ್ಷಾನುಗಟ್ಟಲೆಯ ಸಾಧನೆ.

ಇಷ್ಟಾದರೂ ಅವರು ಗುರುವಿನ ನೆರಳಾಗಿಯೇ ಉಳಿಯಲಿಲ್ಲ. ಖಾನರ ಮನಸ್ಸಿಗೆ ವಿರುದ್ಧವಾಗಿ ಮರಾಠಿ ಸಂಗೀತ ನಾಟಕ ಮಂಡಳಿಯನ್ನು ಸೇರಿದರು. ಸ್ತ್ರೀಪಾತ್ರಗಳಲ್ಲಿ ಹಾಡಿ ಹೆಸರು ಗಳಿಸಿದರು. ಬಾಲಗಂಧರ್ವರು ರಂಗಭೂಮಿಯನ್ನು ಆಳುತ್ತಿದ್ದ ಕಾಲವದು. ಅಂತಹ ಕಾಲದಲ್ಲಿ ಇವರಿಗೆ ಸವಾಯಿ ಗಂಧರ್ವ, ಅಂದರೆ ಒಂದೂಕಾಲು ಪಾಲಿನ ಗಂಧರ್ವ, ಎಂಬ ಬಿರುದು ಸಂದಿತು. ನಾಟಕದ ದಿನಗಳು ಮುಗಿದ ಮೇಲೆ ಪುನಃ ಕಛೇರಿಯ ಗಾಯನಕ್ಕೆ ಮರಳಿ, ಕೊನೆಗೆ ಕುಂದಗೋಳದಲ್ಲಿ ಗುರುವಾಗಿ ಕುಳಿತರು.

ಈಗ ಬಿಗಿ ಹಿಡಿಯುವ ಸರದಿ ಅವರದಾಯಿತು. ಅವರ ಶಿಷ್ಯರಲ್ಲಿ ಇಬ್ಬರ ಕಥೆಯನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಆ ಇಬ್ಬರ ಹೆತ್ತವರೂ ನನ್ನ ಪ್ರಶ್ನೆಗೆ ಉತ್ತರ ಕೊಡುವವರಾಗಿದ್ದಾರೆ.

ಮೊದಲನೆಯವರು ನಮ್ಮ ದೇಶಪಾಂಡೆ ನಗರದವರೇ ಆದ ಗಂಗೂಬಾಯಿ ಹಾನಗಲ್ಲರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನಿಷ್ಣಾತರು. ಮಗಳ ಒಲವು ಹಿಂದೂಸ್ತಾನಿಯ ಕಡೆಗಿತ್ತು. ಅವಳ ಕಲಿಕೆಗಾಗಿ 1928ರಲ್ಲಿ ಕುಟುಂಬವು ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದಿತು. ತನ್ನ ಹಾಡಿನ ಛಾಯೆ ಮಗಳ ಕಂಠದ ಮೇಲೆ ಬೀಳಬಾರದೆಂದು ತಾಯಿ ತಮ್ಮ ಗಾಯನವನ್ನೇ ನಿಲ್ಲಿಸಿಬಿಟ್ಟರು. ಮಗಳಿಗೆ ಹಾಕಿದ ಕಟ್ಟಿಗಿಂತ ತಮಗೆ ತಾವು ಹಾಕಿಕೊಂಡ ಈ ಕಟ್ಟು ದೊಡ್ಡದು. ಮುಂದೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡರು. ಹುಡುಗ ರಾಮಭಾವು ಶಾಲೆಗಾಗಿ ಬರುತ್ತಿದ್ದ ದಾರಿಯೇ ಅದು. ಈಗ ಶಿಷ್ಯೆ ಅದೇ ದಾರಿಯಲ್ಲಿ ಗುರುವಿನತ್ತ ಹೋಗುತ್ತಿದ್ದರು. ಗುರುಗಳು ಒಂದೇ ಸ್ವರಪುಂಜವನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಅದು ನೆಟ್ಟಗಾಗುವ ತನಕ ಮುಂದಿನ ಪಾಠವಿಲ್ಲ.

ಎರಡನೆಯವರು 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಹುಡುಗ ಭಜನೆಯ ಮೇಳದ ಬೆನ್ನು ಹತ್ತಿ ಹೋಗಿ ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದನು. ತಂದೆ ಬೇಸತ್ತು, ಇವನು ಜೋಶಿ ಮಾಸ್ತರರ ಮಗನೆಂದು ಅವನ ಅಂಗಿಯ ಮೇಲೆಯೇ ಬರೆದು ಕಳಿಸುತ್ತಿದ್ದರೆಂಬ ಕಥೆಯನ್ನು ನಮ್ಮ ಕಡೆ ಎಲ್ಲರೂ ಬಲ್ಲರು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಆ ಹುಡುಗ ಗುರುವನ್ನರಸಿ ಮನೆಬಿಟ್ಟು ಓಡಿದನು. ಕೊನೆಗೆ ತಂದೆ ಅವನನ್ನು ದೂರದ ಜಲಂಧರದಲ್ಲಿ ಪತ್ತೆಹಚ್ಚಿ ಕರೆತಂದರು. ಕರೆತಂದು ಕಟ್ಟಿಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ 1936ರಲ್ಲಿ ಹುಡುಗ ಕುಂದಗೋಳದ ಗುರುಮನೆಯನ್ನು ಸೇರಿದನು. ಅಲ್ಲೇನೂ ಸುಖವಿರಲಿಲ್ಲ. ನೀರು ಹೊರುವುದು ಮೊದಲಾದ ಮನೆಗೆಲಸ ಮೊದಲು, ಪಾಠ ಆಮೇಲೆ. ತನ್ನ ಮನೆಯ ಶಿಸ್ತಿನಿಂದ ಓಡಿಹೋಗಿದ್ದವನು ಇಲ್ಲಿಯ ಶಿಸ್ತಿನಲ್ಲಿ 1940ರ ವರೆಗೆ ನೆಲೆನಿಂತನು. ಕಾರಣ ಸ್ಪಷ್ಟವಿದೆ: ಈ ಕಷ್ಟವನ್ನು ಅವನು ತಾನಾಗಿ ಕೇಳಿ ಪಡೆದಿದ್ದನು.

ಇಲ್ಲಿಗೆ ನಿಲ್ಲಿಸಿದರೆ ಬಿಗಿಯೇ ಯಶಸ್ಸಿನ ಮೂಲವೆಂದು ಹೇಳಿದಂತಾಗುತ್ತದೆ. ಆದರೆ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ಸರಿಯಲ್ಲ. ಇಷ್ಟು ಶಿಷ್ಯರನ್ನು ತಿದ್ದಿದ ಅಬ್ದುಲ್ ಕರೀಮ್ ಖಾನರ ಸ್ವಂತ ಸಂಸಾರ ಒಡೆಯಿತು. 1922ರಲ್ಲಿ ಪತ್ನಿ ತಾರಾಬಾಯಿಯವರು ಮಕ್ಕಳೊಡನೆ ಬೇರೆಯಾದರು. ತಂದೆಯ ಹೆಸರನ್ನು ಬಿಟ್ಟು ಬೆಳೆದ ಆ ಮಕ್ಕಳಲ್ಲಿಯೇ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೆಕರ, ಸರಸ್ವತಿ ರಾಣೆಯವರು ದೊಡ್ಡ ಗಾಯಕರಾದರು. ಆದುದರಿಂದ ತಂದೆಯ ಕಣ್ಗಾವಲಿಲ್ಲದೆ ಮಕ್ಕಳು ಏಳಿಗೆಗೆ ಬರಲಾರರೆಂಬ ಮಾತು ನಿಲ್ಲಲಾರದು. ಬಿಗಿಯಲ್ಲಿ ಬೆಳೆದು ಬೆಳಕಿಗೆ ಬಂದವರ ಚರಿತ್ರೆಯನ್ನು ನಾವು ಓದುತ್ತೇವೆ. ಅದೇ ಬಿಗಿಯಲ್ಲಿ ಹಾಡನ್ನೇ ಬಿಟ್ಟುಹೋದವರ ಚರಿತ್ರೆಯನ್ನು ಯಾರೂ ಬರೆದಿಡುವುದಿಲ್ಲ.

ಹಾಗಾದರೆ ಸವಾಯಿ ಗಂಧರ್ವರ ಬಿಗಿ ಫಲಿಸಿದ್ದೇಕೆ? ನನಗೆ ಹೊಳೆದ ಉತ್ತರವಿಷ್ಟು. ಅವರ ಬಿಗಿ ಕೆಲಸದ ಮೇಲಿತ್ತು, ಶಿಷ್ಯನ ಸ್ವಭಾವದ ಮೇಲಿರಲಿಲ್ಲ. ಗಂಗೂಬಾಯಿ, ಭೀಮಸೇನ, ಮುಂಬಯಿಯ ಫಿರೋಜ್ ದಸ್ತೂರ, ಈ ಮೂವರನ್ನೂ ಕೇಳಿ ನೋಡಿರಿ, ಒಬ್ಬರಂತೆ ಒಬ್ಬರಿಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಗುರುವಾಗಿದ್ದರೆ ಇದು ಹೇಗೆ ಸಾಧ್ಯವಾಗುತ್ತಿತ್ತು? ತಂದೆ ತಮಗೆ ದಾರಿ ಬದಲಿಸಿಕೊಟ್ಟದ್ದು, ತಾವೇ ಗುರುವಿನ ಮಾತು ಮೀರಿ ರಂಗಭೂಮಿಗೆ ಹೋದದ್ದು, ಈ ಎರಡೂ ಅವರ ನೆನಪಿನಲ್ಲಿ ಇದ್ದಿರಲೇಬೇಕೆಂದು ನನ್ನ ಎಣಿಕೆ.

ಮುಂದೆ ಪಾರ್ಶ್ವವಾಯು ಬಡಿದು ಅವರ ಗಾಯನ ನಿಂತಿತು. 1946ರ ಜನೇವರಿಯಲ್ಲಿ ಪುಣೆಯಲ್ಲಿ ನಡೆದ ಅವರ ಅರವತ್ತರ ಸಮಾರಂಭದಲ್ಲಿ ಭೀಮಸೇನರು ಹಾಡಿ ರಸಿಕರ ಮನಸ್ಸನ್ನು ಗೆದ್ದರು. 1952ರ ಸಪ್ಟಂಬರ 12ರಂದು ಗುರುಗಳು ಕಾಲವಾದರು. ಮರುವರ್ಷದಿಂದಲೇ ಭೀಮಸೇನರು ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವವನ್ನು ಆರಂಭಿಸಿದರು. ಮುಂದೆ ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ, ಭೀಮಸೇನರಿಗೆ 2008ರಲ್ಲಿ ಭಾರತರತ್ನ ಸಂದವು. ಕಾರಕೂನರೊಬ್ಬರು ಮಗನ ಶಾಲೆ ಬಿಡಿಸಿದ ದಿನ ಇದನ್ನು ಯಾರು ಕಂಡಿದ್ದರು?

ನಾನು ಗಾಯಕನಲ್ಲ, ನನಗೆ ಬೇಕಾದದ್ದು ಇತಿಹಾಸ. ಕಲಾ ವಿಭಾಗದ ಅರ್ಜಿಯನ್ನು ತಂದು, ಸಹಿಗಾಗಿ ಅಪ್ಪನ ಮುಂದಿಟ್ಟು, ಈ ಕಥೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ನಾನು ಓದುವಷ್ಟು ಹೊತ್ತೂ ಆ ಕುರ್ಚಿಯಲ್ಲಿಯೇ ಅವರು ನಿದ್ದೆಗೆಟ್ಟು ಕೂಡುತ್ತಿದ್ದರೆಂಬುದು ಆಗ ನೆನಪಾಗಿ ನನಗೆ ನಾಚಿಕೆಯಾಯಿತು. ಅವರು ಸಹಿ ಮಾಡಿದರು. ಮರುದಿನ ನಸುಕಿನ ಐದಕ್ಕೆ ಎಂದಿನಂತೆ ನನ್ನನ್ನು ಎಬ್ಬಿಸಿದರು. ಆ ದಿನ ಮೊದಲ ಸಲ ನಾನು ಗೊಣಗದೆ ಎದ್ದೆ.